ಎದುರುಮನೆಯ ಹನ್ನೊಂದು ತಟ್ಟೆ

"ಈ ತಟ್ಟೆಗಳು ನಮ್ಮವಲ್ಲ, ದೊಡ್ಡಮ್ಮ."

ಅಡುಗೆಕಟ್ಟೆಯ ಕೆಳಗಿನ ಗೂಡಿನೊಳಗೆ ಅರ್ಧ ಮೈ ತೂರಿಸಿ ಕುಳಿತಿದ್ದ ದಿಯು, ಒಂದರ ಮೇಲೊಂದು ಪೇರಿಸಿಟ್ಟಿದ್ದ ಪಿಂಗಾಣಿ ತಟ್ಟೆಗಳನ್ನು ಬೆಳಕಿಗೆ ಎಳೆದಳು. ಅಂಚಿಗೆ ನೀಲಿ ಮೀನು. ಎಲ್ಲಕ್ಕೂ ಒಂದೇ ಮೀನು.

"ಯಾರದ್ದು ಅಂತ ಹಿಂದೆ ತಿರುವಿ ನೋಡೇ, ಪಟ್ಟಿ ಅಂಟಿಸಿದೀನಿ," ಬಾಗಿಲಾಚೆಯಿಂದ ಥೋವಾ ದೊಡ್ಡಮ್ಮನ ದನಿ ಬಂತು. "ಪೊಲೀಸಿನವಳಂತೆ. ಒಂದು ತಟ್ಟೆ ತಿರುವಿ ನೋಡೋಕೆ ಬರಲ್ಲ."

ದಿಯುವಿಗೆ ನಗು ಬರಬೇಕಿತ್ತು, ಬರಲಿಲ್ಲ. ಬೆಳಗಿನಿಂದ ಗಂಟು ಕಟ್ಟಿ ಕಟ್ಟಿ ಬೆರಳು ಬೊಬ್ಬೆ ಎದ್ದಿದ್ದವು. ಮೂರು ಗಂಟೆಗೆ ಲಾರಿ ಬರುತ್ತದೆ. ನಾಳೆ ಕಟ್ಟಡದ ಗೇಟಿಗೆ ಬೀಗ. ಆಮೇಲೆ ಯಂತ್ರಗಳು ಬಂದು, ಕಾಲುವೆ ದಡದ ಈ ಆರಂತಸ್ತಿನ ಮುದಿ ಕಟ್ಟಡವನ್ನು ಕೆಡವಿ ಹಾಕುತ್ತವೆ. ಐವತ್ತು ವರ್ಷ ಸೈಗಾನಿನ ಬಿಸಿಲು ತಿಂದ ಗೋಡೆಗಳಲ್ಲಿ ಈಗ ಬೆರಳು ತೂರುವಷ್ಟು ಬಿರುಕು. ನಾಲ್ಕನೇ ಮಹಡಿಯಲ್ಲಿ ಉಳಿದವರು ಇಬ್ಬರೇ: ದೊಡ್ಡಮ್ಮ, ಮತ್ತು ಹುಟ್ಟಿದ ಕ್ರಮದ ಲೆಕ್ಕದಲ್ಲಿ ಕಟ್ಟಡವೆಲ್ಲ ಏಳನೇ ಚಿಕ್ಕಪ್ಪ ಎಂದು ಕರೆಯುವ ಎದುರುಮನೆಯ ಮುದುಕ.

ದಿಯು ಹೊರಗೆ ಬಂದು ನೋಡಿದಳು. ದೊಡ್ಡಮ್ಮ ಮನೆಬಾಗಿಲ ಪಕ್ಕದ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಕೆಡವುವ ಮನೆಗಳಿಗೆ ನಂಬರು ಹಾಕಲು ಬಂದವರು ಬಿಟ್ಟುಹೋದ ಕೆಂಪು ಬಣ್ಣದ ಡಬ್ಬಿ ಅವಳ ಕೈಯಲ್ಲಿತ್ತು. ಬ್ರಷ್ಷಿನ ಕೂದಲು ಕಡ್ಡಿಯಂತಾಗಿತ್ತು. ಅದರಲ್ಲೇ ಗೋಡೆಯ ಮೇಲೆ ಒಂದೊಂದೇ ಅಕ್ಷರ ತಿದ್ದುತ್ತಿದ್ದಳು. ಅದು ದಿಯುವಿನ ಮನೆಯ ವಿಳಾಸ. ನದಿಯಾಚೆ, ಥು ದಕ್ ಕಡೆಯದು.

"ಏನು ಮಾಡ್ತಿದೀಯಾ ದೊಡ್ಡಮ್ಮ?"

"ಕಾಣ್ಸಲ್ವಾ? ಬರೀತಿದೀನಿ. ಖಿಯೆಮ್ ಬಂದ್ರೆ ಎಲ್ಲಿಗೆ ಅಂತ ಹುಡುಕ್ತಾನೆ? ಓದ್ಕೊಂಡು ನಿಮ್ಮನೆಗೆ ಬರ್ತಾನೆ."

"ದೊಡ್ಡಮ್ಮ, ಈ ಗೋಡೆ..."

"ಗೊತ್ತು ಗೊತ್ತು, ಕೆಡವ್ತಾರೆ. ನಾಳೇನೇ ಕೆಡವ್ತಾರಾ? ಒಂದು ವಾರ ಆಗಲ್ವಾ? ಆ ವಾರದಲ್ಲೇ ಬರಬಾರ್ದಾ ಅವನು?"

ಹೋದ ವಾರ ಕಾಲುವೆಯ ಹೂಳಿನಲ್ಲಿ ಸಿಕ್ಕ ಮೂಳೆಗಳು ದೊಡ್ಡಮ್ಮನ ಕಾಣೆಯಾದ ಮಗ ಖಿಯೆಮ್‌ನವಲ್ಲ ಎಂಬ ವರದಿಯನ್ನು ತಂದು ಓದಿಹೇಳಿದವಳು ದಿಯುವೇ. ಅಂದಿನಿಂದ ದೊಡ್ಡಮ್ಮನಿಗೆ ಒಣಗಿದ ಬೇರಿಗೆ ನೀರು ಬಿದ್ದ ಹಾಗಾಗಿತ್ತು. ನನ್ನ ಮಗ ಸತ್ತಿಲ್ಲ, ಪೊಲೀಸ್ ಡಾಕ್ಟರೇ ಬರೆದುಕೊಟ್ಟಿದಾರಲ್ಲ, ಎಂದು ಮಹಡಿ ಇಳಿದು ಹೋಗುವವರಿಗೆಲ್ಲ ಹೇಳಿದ್ದಳು.

ಹನ್ನೊಂದೂವರೆ ವರ್ಷದ ಕೆಳಗೆ ಅವನು ಕಾಣೆಯಾದಾಗ ದಿಯು ಪೊಲೀಸ್ ಇಲಾಖೆಗೆ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ನಾನು ಹುಡುಕಿಕೊಡ್ತೀನಿ ದೊಡ್ಡಮ್ಮ ಎಂದು ಕೈಹಿಡಿದು ಮಾತು ಕೊಟ್ಟಿದ್ದಳು. ಎರಡೂವರೆ ಸಾವಿರ ಮೈಲಿ ಅಲೆದಿರಬಹುದು. ಕಂಬೋಡಿಯದ ಗಡಿವರೆಗೆ ಹೋಗಿ, ಯಾರದೋ ಮಗನ ಮುಖ ನೋಡಿ ವಾಪಸು ಬಂದಿದ್ದಳು. ಸಿಕ್ಕಿದ್ದು ಸೊನ್ನೆ.

ಅವಳು ಒಳಗೆ ಹೋಗಿ ತಟ್ಟೆಗಳ ಮುಂದೆ ಕುಳಿತಳು.

ಯಾರ ಮನೆಯಲ್ಲಿ ತಿಥಿಯಾದರೂ ಅಕ್ಕಪಕ್ಕಕ್ಕೆ ಒಂದೊಂದು ತಟ್ಟೆ ಊಟ ಹೋಗುತ್ತದೆ. ಯಾರ ಮನೆಯದು ಯಾವಾಗ ಎಂಬುದು ಮರೆಯಬಾರದೆಂದು ದೊಡ್ಡಮ್ಮ ತಟ್ಟೆಯ ಬೆನ್ನಿಗೆ ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿ, ಮನೆಯ ಹೆಸರು, ಚಾಂದ್ರಮಾನದ ದಿನ, ವರ್ಷ ಬರೆದಿಡುತ್ತಿದ್ದಳು. ಮೂರನೇ ಮಹಡಿಯ ಬಿಕ್ ಅತ್ತೆಯದು ಒಂದು, ಎರಡನೇ ತಿಂಗಳು ಆರು. ಮೆಟ್ಟಿಲ ಪಕ್ಕದ ಟೈಲರನದು ಒಂದು, ಹತ್ತನೇ ತಿಂಗಳು ಇಪ್ಪತ್ತು. ಊಟ ಬಂದ ತಟ್ಟೆ ನಾಲ್ಕು ದಿನಕ್ಕೆ ಹಣ್ಣು ತುಂಬಿಕೊಂಡು ವಾಪಸು ಹೋಗುತ್ತದೆ, ಹಾಗಾಗಿ ಯಾರದೂ ಒಂದಕ್ಕಿಂತ ಹೆಚ್ಚು ಉಳಿಯುವುದಿಲ್ಲ.

ನೀಲಿ ಮೀನಿನವು ಮಾತ್ರ ಹನ್ನೊಂದಿದ್ದವು.

ದಿಯು ಒಂದೊಂದನ್ನೇ ಮಗುಚಿದಳು. 'ಏಳನೆಯವನು. ಎಂಟನೇ ತಿಂಗಳು ಹತ್ತೊಂಬತ್ತು.' ಮುಂದಿನದೂ ಅದೇ. ಅದರ ಮುಂದಿನದೂ. ವರ್ಷ ಮಾತ್ರ ಬೇರೆ. ಅತಿ ಹಳೆಯದರ ಅಕ್ಷರ ಮಾಸಿತ್ತು. ಕಿಟಕಿಗೆ ಹಿಡಿದು ಓದಿದಳು. ಖಿಯೆಮ್ ಕಾಣೆಯಾದ ಮರುವರ್ಷ.

"ದೊಡ್ಡಮ್ಮ, ಎಂಟನೇ ತಿಂಗಳಲ್ಲಿ ಏಳನೇ ಚಿಕ್ಕಪ್ಪ ಯಾರ ತಿಥಿ ಮಾಡ್ತಾರೆ?"

"ಹೆಂಡ್ತೀದಿರಬೇಕು."

"ಅವರ ಹೆಂಡತಿ ತೀರಿಕೊಂಡಿದ್ದು ವರ್ಷದ ಕೊನೇ ತಿಂಗಳು. ನಾವಿಬ್ರೂ ಹೋಗಿದ್ವಲ್ಲ, ಹೊಸವರ್ಷದ ಹಬ್ಬ ಎದುರಿಗಿತ್ತು, ಹೂವಿನ ಗಾಡಿ ತುಂಬಿ ಹೆಣ ಒಯ್ಯೋಕೆ ದಾರಿ ಇರ್ಲಿಲ್ಲ."

"ಹಂಗಾದ್ರೆ ಅಪ್ಪಂದೋ ಅಣ್ಣಂದೋ. ನಂಗೇನು ಗೊತ್ತು? ಊಟ ಕೊಟ್ಟೋನಿಗೆ ಯಾರು ಸತ್ರು ಅಂತ ಕೇಳೋಕಾಗುತ್ತಾ? ಘಮ್ಮನ್ನೋ ಪಾಂದನ್ ಎಲೆ ಹಾಕಿ ಅಂಟಕ್ಕಿ ಅನ್ನ ಮಾಡ್ತಾನೆ ನೋಡು, ಗಂಡಸಿನ ಕೈಯಡುಗೆ ಅಂತ ಯಾರೂ ಹೇಳಲ್ಲ."

"ತಟ್ಟೆ ಯಾಕೆ ವಾಪಸ್ ಕೊಟ್ಟಿಲ್ಲ?"

"ಕೊಡೋಕೆ ಹೋದ್ರೆ ತಗೊಂಡ್ರೆ ತಾನೆ! ಇಟ್ಕೊಳ್ಳಿ ಅಕ್ಕ, ಇಟ್ಕೊಳ್ಳಿ ಅಂತ ಬಾಗ್ಲು ಹಾಕ್ಕೋತಾನೆ. ವಿಚಿತ್ರ ಪ್ರಾಣಿ."

ದಿಯುವಿನ ಕೈ ತಟ್ಟೆಯ ಮೇಲೇ ನಿಂತಿತು.

ಎಂಟನೇ ತಿಂಗಳ ಹುಣ್ಣಿಮೆ ಎಂದರೆ ಮಕ್ಕಳ ಲಾಟೀನಿನ ಹಬ್ಬ. ಅದರ ಮಾರನೇ ದಿನ, ಹದಿನಾರರ ಬೆಳಗ್ಗೆ, ಖಿಯೆಮ್ ಮನೆ ಬಿಟ್ಟ ಎಂದು ದೊಡ್ಡಮ್ಮ ದೂರು ಕೊಟ್ಟಿದ್ದಳು. ಕಾಣೆಯಾದವನಿಗೆ ತಿಥಿ ಮಾಡಬೇಕೆಂದರೆ ಅವನು ಹೊಸ್ತಿಲು ದಾಟಿದ ದಿನವೇ ದಿನ. ಇದು ಬೀದಿಯ ತರಕಾರಿಯವಳಿಗೂ ಗೊತ್ತು. ಕರುಣೆಯಿಂದ ಯಾರಾದರೂ ಖಿಯೆಮ್‌ಗೆ ಎಡೆ ಇಟ್ಟರೆ ಹದಿನಾರಕ್ಕೆ ಇಡಬೇಕು.

ಹತ್ತೊಂಬತ್ತಕ್ಕೆ ಇಡಬೇಕೆಂದರೆ, ಅವನು ಹತ್ತೊಂಬತ್ತಕ್ಕೆ ಸತ್ತನೆಂದು ತಿಳಿದಿರಬೇಕು.

ಅವಳು ಕಣ್ಣುಮುಚ್ಚಿ ಕಡತವನ್ನು ಮನಸ್ಸಿನಲ್ಲಿ ತೆರೆದಳು. ಎಷ್ಟು ಸಲ ಓದಿದ್ದಳೆಂದರೆ ಪುಟದ ಅಂಚು ಎಲ್ಲಿ ಹರಿದಿದೆ ಎಂಬುದೂ ನೆನಪಿತ್ತು. ಇಡೀ ಕಡತದಲ್ಲಿ ಹತ್ತೊಂಬತ್ತರ ದಿನ ಒಂದೇ ಕಡೆ ಬರುತ್ತದೆ. ಕಟ್ಟಡದ ನೀರಿನ ಪಂಪು ನೋಡಿಕೊಳ್ಳುವವನ ಹೇಳಿಕೆ: ಹಬ್ಬಕ್ಕೆಂದು ಬೆನ್ ತ್ರೆಯ ನನ್ನ ಊರಿಗೆ ಹೋಗಿದ್ದೆ, ಹತ್ತೊಂಬತ್ತರ ಬೆಳಗ್ಗೆ ವಾಪಸು ಬಂದೆ, ನನಗೇನೂ ತಿಳಿಯದು.

ಆ ಪಂಪಿನವನೇ ಏಳನೇ ಚಿಕ್ಕಪ್ಪ.

ದಿಯು ತಟ್ಟೆಗಳನ್ನು ಎದೆಗೆ ಅವುಚಿಕೊಂಡು ಎದ್ದಳು.

"ಖಾಲಿ ತಟ್ಟೆ ಒಯ್ತೀಯೇನೇ?" ದೊಡ್ಡಮ್ಮ ಬ್ರಷ್ಷು ಎತ್ತಿ ತಡೆದಳು. ಕೆಂಪು ಹನಿ ನೆಲಕ್ಕೆ ಬಿತ್ತು. "ಹೋಗೋ ಹೊತ್ತಲ್ಲಿ ನನ್ನ ಮರ್ಯಾದೆ ಕಳೀಬೇಡ. ಬುಟ್ಟೀಲಿ ಬಾಳೆಹಣ್ಣಿದೆ, ಮೇಲಿನ ತಟ್ಟೇಲಾದ್ರೂ ಇಟ್ಕೊಂಡು ಹೋಗು."

ಬಾಳೆಹಣ್ಣು ಇಟ್ಟುಕೊಂಡೇ ಹೋದಳು.

ಏಳನೇ ಚಿಕ್ಕಪ್ಪನ ಮನೆಯಲ್ಲಿ ಕಟ್ಟುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎರಡು ಮೂಟೆ, ಒಂದು ಫ್ಯಾನು. ಅರವತ್ತೆಂಟರ ಮುದುಕ ನೆಲದ ಮೇಲೆ ಕುಳಿತು ಫ್ಯಾನಿನ ವೈರು ಸುತ್ತುತ್ತಿದ್ದ. ಸತ್ತ ಹಿರಿಯರಿಗೆ ಊದುಬತ್ತಿ ಹಚ್ಚುವ ಪೀಠವನ್ನು ಇನ್ನೂ ಇಳಿಸಿರಲಿಲ್ಲ. ಅದು ಕೊನೆಗೇ ಇಳಿಯಬೇಕಾದ್ದು.

"ಚಿಕ್ಕಪ್ಪ, ನಿಮ್ಮ ತಟ್ಟೆ."

ಅವನು ಅವಳ ಮುಖ ನೋಡಲಿಲ್ಲ, ತಟ್ಟೆ ನೋಡಿದ. "ಅವು ನನ್ನವಲ್ಲ. ನಿಮ್ಮನೇವು."

"ನಮ್ಮನೇವು ಹೇಗಾಗ್ತವೆ? ಮೀನಿನ ತಟ್ಟೆ ನಮ್ಮಲ್ಲಿ ಯಾವತ್ತೂ ಇರ್ಲಿಲ್ಲ."

"ಅಲ್ಲೇ ಇರ್ಲಿ ಬಿಡು ಮಗಳೇ. ಹೊರಡೋ ದಿನ ತಟ್ಟೆ ಜಗಳ ಯಾಕೆ? ಬಾಳೆಹಣ್ಣು ಬೇಕಾದ್ರೆ ಇಟ್ಟು ಹೋಗು, ಹಲ್ಲಿಲ್ಲದ ಬಾಯಿಗೆ ಅದೇ ಗತಿ."

ದಿಯು ಪೀಠದ ಕಡೆ ನೋಡಿದಳು. ಮೂರು ಪಟಗಳಿದ್ದವು, ಒಂದೊಂದರ ಮುಂದೆ ಊದುಬತ್ತಿಯ ಬಟ್ಟಲು. ಅಪ್ಪ, ಅಮ್ಮ, ಹೆಂಡತಿ. ಪ್ರತಿಯೊಂದರ ಕೆಳಗೂ ತೀರಿಕೊಂಡ ದಿನ ಬರೆದಿತ್ತು. ಐದನೇ ತಿಂಗಳು, ಹನ್ನೊಂದನೇ ತಿಂಗಳು, ಹನ್ನೆರಡನೇ ತಿಂಗಳು. ಎಂಟು ಎಲ್ಲೂ ಇರಲಿಲ್ಲ.

ಪೀಠದ ಅಂಚಿಗೆ, ಗೋಡೆಗೆ ಒತ್ತಿ, ಇನ್ನೊಂದು ಊದುಬತ್ತಿ ಬಟ್ಟಲಿತ್ತು. ಅದರ ಹಿಂದೆ ಪಟವಿರಲಿಲ್ಲ. ಬಟ್ಟಲಿನ ತುಂಬ ಉರಿದುಹೋದ ಕಡ್ಡಿಗಳ ಕೆಂಪು ಬುಡ.

"ಆ ನಾಲ್ಕನೇ ಬಟ್ಟಲು ಯಾರದು?"

"ದಿಕ್ಕಿಲ್ಲದ ಜೀವಗಳಿಗೆ."

"ದಿಕ್ಕಿಲ್ಲದವರಿಗೆ ಏಳನೇ ತಿಂಗಳ ಹುಣ್ಣಿಮೆಗೆ ಬೀದೀಲಿ ಗಂಜಿ ಇಡ್ತಾರೆ ಚಿಕ್ಕಪ್ಪ. ಮನೆಯೊಳಗೆ ಬಟ್ಟಲಿಡಲ್ಲ. ಅವರಿಗೆ ಅಂಟಕ್ಕಿ ಅನ್ನ ಬೇಯಿಸಿ, ನೆಂಟರ ಹಾಗೆ ಒಂದೇ ದಿನ ನೆನಪಿಟ್ಟುಕೊಂಡು ತಿಥಿ ಮಾಡಲ್ಲ."

ವೈರು ಸುತ್ತುವ ಕೈ ನಿಧಾನವಾಯಿತು. ನಿಲ್ಲಲಿಲ್ಲ.

"ಪಾಂದನ್ ಹಾಕಿದ ಅಂಟಕ್ಕಿ ಅನ್ನ ಅಂದ್ರೆ ಖಿಯೆಮ್ ಪ್ರಾಣ ಬಿಡ್ತಿದ್ದ," ದಿಯು ಹೇಳಿದಳು. "ಸಣ್ಣವನಿದ್ದಾಗ ನನ್ನ ಪಾಲೂ ಕಿತ್ಕೊಂಡು ತಿಂತಿದ್ದ. ಅವನು ಮನೆಯಿಂದ ಹೋಗಿದ್ದು ಹದಿನಾರಕ್ಕೆ. ನೀವು ಎಡೆ ಇಡ್ತಿರೋದು ಹತ್ತೊಂಬತ್ತಕ್ಕೆ. ಆ ಮೂರು ದಿನ ಅವನು ಎಲ್ಲಿದ್ದ, ಚಿಕ್ಕಪ್ಪ?"

ಮುದುಕ ವೈರು ಕೆಳಗಿಟ್ಟ. ಅಂಗೈಯನ್ನು ಲುಂಗಿಗೆ ಒರೆಸಿಕೊಂಡ. ಹೊರಗೆ ದೊಡ್ಡಮ್ಮ ಗೋಡೆಗೆ ಬ್ರಷ್ಷು ಉಜ್ಜುವ ಸದ್ದು ಕೇಳುತ್ತಿತ್ತು, ಇಲಿ ಕೆರೆದ ಹಾಗೆ.

"ಬಾಗ್ಲು ಹಾಕು," ಅಂದ.

ಹಾಕಿದಳು.

"ನಿನಗೆ ಅವಳೇ ಹೇಳ್ಬೇಕಿತ್ತು. ನಾನಲ್ಲ."

"ಯಾರು?"

"ಇನ್ಯಾರು! ನಿಮ್ಮ ದೊಡ್ಡಮ್ಮ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾನು ಊರಿಗೆ ಹೋಗುವಾಗ ಪಂಪಿನ ಕೋಣೆ ಕೀಲಿ ಅವಳ ಕೈಗೆ ಕೊಟ್ಟು ಹೋಗ್ತಿದ್ದೆ. ಬೆಳಗ್ಗೆ ಸಂಜೆ ಯಾರಾದ್ರೂ ಪಂಪು ನೋಡ್ಕೋಬೇಕಲ್ಲ. ಹತ್ತೊಂಬತ್ತರ ಬೆಳಗ್ಗೆ ಬಂದೆ. ಅವಳು ಕೀಲಿ ಕೊಟ್ಟಳು. ತಲೆ ಎತ್ತಿ ನನ್ನ ನೋಡ್ಲಿಲ್ಲ. ನಾನು ಕೆಳಗೆ ಹೋಗಿ ಬಾಗ್ಲು ತೆಗೆದೆ."

ಅವನು ಫ್ಯಾನನ್ನು ಪಕ್ಕಕ್ಕೆ ಸರಿಸಿದ.

"ಹೇಳಿ."

"ಪಂಪಿನ ಪಕ್ಕ ಮಲಗಿದ್ದ ನಿಮ್ಮ ಹುಡುಗ. ಮುಟ್ಟಿ ನೋಡಿದೆ, ತಣ್ಣಗಿದ್ದ."

ದಿಯು ತಟ್ಟೆಗಳನ್ನು ನೆಲಕ್ಕಿಟ್ಟಳು. ಮೂಟೆಯ ಮೇಲೆ ಕುಳಿತಳು. ಹನ್ನೊಂದೂವರೆ ವರ್ಷ ಅವಳು ಹುಡುಕಿದ್ದು ಒಬ್ಬ ಜೀವಂತ ಮನುಷ್ಯನನ್ನು. ಅವನು ಸತ್ತಿರಬಹುದೆಂದು ಬುದ್ಧಿ ಹೇಳುತ್ತಿತ್ತು, ಕೈಕಾಲು ಮಾತ್ರ ನಂಬಿರಲಿಲ್ಲ. ಈಗ ಅವೂ ನಂಬಿದವು.

"ಅವನಿಗೆ ಬಿಳಿ ಪುಡಿಯ ಚಟ ಇತ್ತು, ನಿಂಗೊತ್ತು," ಮುದುಕ ಹೇಳುತ್ತ ಹೋದ. "ಮನೇಲಿ ಕೂಡಿ ಹಾಕಿದ್ರೆ ಬಾಗ್ಲು ಮುರೀತಿದ್ದ. ಮಹಡಿಗೆ ಮಹಡಿಯೇ ಕೇಳೋ ಹಾಗೆ ಕೂಗ್ತಿದ್ದ. ಕೆಳಗಾದ್ರೆ ಕಬ್ಬಿಣದ ಬಾಗ್ಲು. ಪಂಪಿನ ಸದ್ದಲ್ಲಿ ಕೂಗು ಕೇಳಲ್ಲ. ಮೂರು ದಿನ ಕೂಡಿ ಹಾಕಿದ್ರೆ ಚಟ ಬಿಡುತ್ತೆ ಅಂತ ಆಗ ಎಲ್ಲರ ಬಾಯಲ್ಲೂ ಇದ್ದ ಮಾತು. ಎಷ್ಟು ಜನ ತಾಯಂದಿರು ಮಾಡ್ಲಿಲ್ಲ! ಅವಳ ಹಣೆಬರಹ, ಅವನು ತಡ್ಕೊಳ್ಲಿಲ್ಲ."

"ನೀವು ಪೊಲೀಸಿಗೆ ಹೇಳ್ಲಿಲ್ಲ."

"ಹೇಳಿ? ಮಗನನ್ನ ಕಳ್ಕೊಂಡೋಳನ್ನ ಜೈಲಿಗೂ ಕಳಿಸ್ಲಾ?"

"ಹೆಣ?"

"ನಮ್ಮೂರಲ್ಲಿದೆ. ತೆಂಗಿನ ತೋಟದಲ್ಲಿ, ನನ್ನ ಹೆಂಡತಿ ಪಕ್ಕ. ಹೇಗೆ ಒಯ್ದೆ ಅಂತ ಕೇಳ್ಬೇಡ. ಕಲ್ಲಿನ ಮೇಲೆ ಹೆಸರು ಕೊರೆಸಿಲ್ಲ, ಅಷ್ಟೇ. ಉಳಿದಿದ್ದೆಲ್ಲ ಮಾಡಿದೀನಿ."

"ತಿಥೀನೂ."

"ಹೆತ್ತೋಳು ಮಗನ ಮುಂದೆ ಊದುಬತ್ತಿ ಹಿಡ್ದು ತಲೆ ಬಗ್ಗಿಸೋ ಹಾಗಿಲ್ವಲ್ಲಮ್ಮ. ಹೆತ್ತ ತಲೆ ಹುಟ್ಟಿದ ತಲೆಗೆ ಬಾಗಬಾರ್ದು. ಇನ್ಯಾರು ಮಾಡ್ಬೇಕು? ನಾನು ಮಾಡ್ದೆ. ಮಾಡಿ, ತಟ್ಟೆ ಒಯ್ದು ಅವಳ ಕೈಗೆ ಕೊಟ್ಟೆ. ಬೇರೆ ಮಾತಾಡ್ಲಿಲ್ಲ. ಅವಳೂ ಒಂದು ಮಾತು ಕೇಳ್ಲಿಲ್ಲ. ತಗೊಂಡಳು, ತಿಂದಳು. ಮಾತಿಲ್ದೇನೇ ತೀರ್ಮಾನ ಆಯ್ತು. ಹನ್ನೊಂದು ವರ್ಷ ನಾವಿಬ್ರೂ ಹಾಗೇ ನಡೆಸಿದ್ವಿ."

"ಅವಳಿಗೆ ಗೊತ್ತು ಅಂತೀರಾ?"

"ಗೊತ್ತಿಲ್ದೆ ತಿಂತಾಳಾ?"

ಊಟ ಕೊಟ್ಟೋನಿಗೆ ಯಾರು ಸತ್ರು ಅಂತ ಕೇಳೋಕಾಗುತ್ತಾ ಎಂದ ದೊಡ್ಡಮ್ಮನ ದನಿ ದಿಯುವಿನ ಕಿವಿಯಲ್ಲಿತ್ತು. ಆ ದನಿ ನಟನೆಯೇ? ಗೋಡೆಗೆ ವಿಳಾಸ ಬರೆಯುತ್ತಿರುವ ಆ ಕೈ ನಟನೆಯೇ? ತಾನು ಕಳ್ಳರನ್ನೂ ಕೊಲೆಗಾರರನ್ನೂ ಎದುರು ಕೂರಿಸಿಕೊಂಡು ಮುಖ ಓದಿದವಳು. ಪ್ರತಿ ಭಾನುವಾರ ತನಗೆ ಬಡಿಸಿದವಳ ಮುಖ ಓದಲು ಆಗಲಿಲ್ಲವೇ?

"ಅವನ ಮೈಮೇಲೆ ಗಾಯ ಇತ್ತಾ?" ಅವಳು ಕೇಳಿದ್ದು ಅಭ್ಯಾಸಬಲದಿಂದ.

"ಇರ್ಲಿಲ್ಲ. ಅಲಂಕಾರ ಮಾಡಿ ಮಲಗಿಸಿದ ಹಾಗಿದ್ದ. ಹೊಸ ಬಿಳಿ ಅಂಗಿ. ಅಂಗಡಿಯ ಮಡಿಕೆ ಗೆರೆ ಕೂಡ ಹೋಗಿರ್ಲಿಲ್ಲ. ತಾಯಿ ಕೈ ಅಲ್ವಾ, ಸತ್ತ ಮೇಲೆ ಹೊಸದು ಹಾಕಿದಾಳೆ ಅಂದ್ಕೊಂಡು ನಾನು ಅಲ್ಲೇ ಅತ್ತುಬಿಟ್ಟೆ."

ಹಜಾರ ದಾಟಿದರೆ ಎಂಟು ಹೆಜ್ಜೆ. ದಿಯುವಿಗೆ ಆ ಎಂಟು ಹೆಜ್ಜೆ ಹಾಕುವುದು ಬೇಡವಾಗಿತ್ತು. ತಟ್ಟೆಗಳು ಮತ್ತೆ ಅವಳ ಕೈಯಲ್ಲೇ ಇದ್ದವು. ಹಣ್ಣನ್ನು ಮಾತ್ರ ಮುದುಕ ಇಟ್ಟುಕೊಂಡಿದ್ದ.

ಕೇಳದೆ ಬಿಟ್ಟರೇನು? ಲಾರಿ ಬರುತ್ತದೆ, ಸಾಮಾನು ಏರುತ್ತದೆ. ದೊಡ್ಡಮ್ಮ ದಿಯುವಿನ ಮನೆಯ ಕಿಟಕಿಯ ಬಳಿ ಕುಳಿತು, ಸಾಯುವವರೆಗೂ ರಸ್ತೆ ನೋಡುತ್ತಾಳೆ. ತಾನು ಪ್ರತಿ ತಿಂಗಳೂ ಹುಡುಕುತ್ತಿದ್ದೇನೆ ಎಂದು ಸುಳ್ಳು ಹೇಳುತ್ತ ಹೋಗಬಹುದು. ಅದೂ ಒಂದು ಬಾಳು.

"ತಗೊಳ್ಲಿಲ್ವಾ?" ದೊಡ್ಡಮ್ಮ ನಕ್ಕಳು. "ನಾನು ಹೇಳ್ಲಿಲ್ವಾ, ವಿಚಿತ್ರ ಪ್ರಾಣಿ ಅಂತ. ಬಾ, ಇದು ನೋಡು. ಕೊನೇ ಸಾಲು ಸೊಟ್ಟಗಾಯ್ತಾ? ಓದೋಕೆ ಬರುತ್ತಾ?"

ಅಕ್ಷರಗಳು ಎದೆಯೆತ್ತರದಿಂದ ನೆಲದವರೆಗೆ ಇಳಿದಿದ್ದವು. ಕೊನೆಯಲ್ಲಿ, ವಿಳಾಸದ ಕೆಳಗೆ, ದೊಡ್ಡಮ್ಮ ಇನ್ನೊಂದು ಸಾಲು ಸೇರಿಸಿದ್ದಳು. 'ಅಮ್ಮ ಬೈಯಲ್ಲ.'

ಅದನ್ನು ಓದಿದ ಮೇಲೆ ದಿಯುವಿಗೆ ಸುಮ್ಮನಿರಲಾಗಲಿಲ್ಲ.

"ದೊಡ್ಡಮ್ಮ. ಆ ವರ್ಷ ಪಂಪಿನ ಕೋಣೆ ಕೀಲಿ ನಿನ್ನ ಹತ್ರ ಇತ್ತಾ?"

ಬ್ರಷ್ಷು ಗಾಳಿಯಲ್ಲಿ ನಿಂತಿತು. ದೊಡ್ಡಮ್ಮ ತಿರುಗಲಿಲ್ಲ. ಬೆನ್ನು ಮಾತ್ರ ಕುಗ್ಗುತ್ತ ಹೋಯಿತು, ಚೀಲದಿಂದ ಅಕ್ಕಿ ಸೋರಿದ ಹಾಗೆ.

"ಅವನು ಹೇಳಿದ್ನಾ?"

"ಇತ್ತಾ ಇಲ್ವಾ ಅಷ್ಟು ಹೇಳು."

"ಇತ್ತು." ಬ್ರಷ್ಷನ್ನು ಡಬ್ಬಿಗೆ ಇಳಿಸಿ ಅಂದಳು, "ಕೂಡಿ ಹಾಕ್ದೆ ಕಣೇ. ನಾನೇ. ಹದಿನಾರರ ಬೆಳಗ್ಗೆ. ಮೊಸಳೆ ಗುಂಡಿಗೆ ತಳ್ಳಿದ ಹಾಗೆ ತಳ್ಳಿ ಬೀಗ ಹಾಕ್ದೆ. ಅಮ್ಮಾ ಅಮ್ಮಾ ಅಂತ ಬಾಗ್ಲು ಬಡೀತಿದ್ದ. ಕೇಳಬಾರ್ದು ಅಂತ ಹೊರಗಿನ ಸ್ವಿಚ್ಚು ಒತ್ತಿ ಪಂಪು ಹಾಕಿಬಿಟ್ಟೆ."

"ನನಗೆ ಹೇಳ್ಲಿಲ್ಲ. ಹನ್ನೊಂದೂವರೆ ವರ್ಷ ನನ್ನ ಊರೂರು ಅಲೆಸಿದೆ."

"ಹೆಂಗೆ ಹೇಳ್ಲಿ? ನೀನು ಆಗ ಹೊಸದಾಗಿ ಸಮವಸ್ತ್ರ ಹಾಕಿದೋಳು. ನಿನ್ನ ಕೈಯಿಂದಲೇ ನಂಗೆ ಬೇಡಿ ಹಾಕಿಸ್ತಾರೆ ಅಂತ ಭಯ. ಹಾಕಿದ್ರೂ ಚಿಂತೆ ಇರ್ಲಿಲ್ಲ. ಅವನು ವಾಪಸ್ ಬಂದಾಗ ನಾನು ಮನೇಲಿ ಇರ್ಬೇಕಿತ್ತಲ್ಲ."

"ವಾಪಸ್ ಬಂದಾಗ?" ದಿಯು ಅವಳ ಮುಂದೆ ಹೋಗಿ ಕುಳಿತಳು. "ಎಲ್ಲಿಂದ ವಾಪಸ್, ದೊಡ್ಡಮ್ಮ?"

ದೊಡ್ಡಮ್ಮ ಮುಖ ಎತ್ತಿದಳು. ಆ ಕಣ್ಣುಗಳಲ್ಲಿ ತಪ್ಪಿತ್ತು, ನಾಚಿಕೆಯಿತ್ತು. ಸುಳ್ಳು ಮಾತ್ರ ಕಾಣಲಿಲ್ಲ.

"ಎಲ್ಲಿಂದ ಅಂದ್ರೆ? ಓಡಿಹೋಗಿದ್ನಲ್ಲ. ಹದಿನೇಳರ ಬೆಳಗ್ಗೆ ಪಂಪು ಹಾಕೋಕೆ ಅಂತ ಹೋದೆ. ಬೀಗ ನಾನು ಹಾಕಿದ ಹಾಗೇ ಇತ್ತು. ತೆಗೆದ್ರೆ ಒಳಗೆ ಅವನಿಲ್ಲ."

ಹಜಾರದ ತುದಿಯಲ್ಲಿ ಯಾವುದೋ ಖಾಲಿ ಮನೆಯ ಕಿಟಕಿ ಗಾಳಿಗೆ ಬಡಿದುಕೊಂಡಿತು.

"ಇರ್ಲಿಲ್ವಾ?"

"ಮೇಲೆ ಗಾಳಿಕಿಂಡಿ ಇದೆಯಲ್ಲ, ಬೆಕ್ಕು ತೂರೋವಷ್ಟು. ಅವನೂ ಬೆಕ್ಕಿನ ಹಾಗೇ ಆಗಿದ್ದ, ಮೂಳೆ ಚರ್ಮ. ಅದರಲ್ಲೇ ತೂರ್ಕೊಂಡು ಹೋದ ಅಂದ್ಕೊಂಡೆ. ಆವತ್ತು ಸಂಜೆ ಹೋಗಿ ನೋಡ್ದೆ, ಇಲ್ಲ. ಹದಿನೆಂಟಕ್ಕೆ ಎರಡು ಸಲ ಹೋದೆ, ಇಲ್ಲ. ಹತ್ತೊಂಬತ್ತರ ಬೆಳಗ್ಗೆ ಏಳನೆಯವನು ಊರಿಂದ ಬಂದ, ಕೀಲಿ ಕೊಟ್ಟುಬಿಟ್ಟೆ. ಅವನ ಮುಖ ನೋಡೋಕಾಗ್ಲಿಲ್ಲ. ಅವನು ನಂಬಿ ಕೊಟ್ಟ ಕೋಣೇಲಿ ನಾನು ಮಗನ್ನ ಕೂಡಿ ಹಾಕಿದ್ನಲ್ಲಾ ಅಂತ."

ತಲೆ ಎತ್ತಿ ನನ್ನ ನೋಡ್ಲಿಲ್ಲ ಅಂದಿದ್ದ ಮುದುಕ. ಅವಳ ಬಗ್ಗಿದ ತಲೆಯನ್ನು ಅವನು ಒಪ್ಪಿಗೆಯೆಂದು ಓದಿದ್ದ. ಅವಳ ಮೌನದ ಊಟವನ್ನು ಒಪ್ಪಂದವೆಂದು ತಿಳಿದಿದ್ದ. ಎಂಟು ಹೆಜ್ಜೆ ಅಂತರದಲ್ಲಿ ಎರಡು ಮನೆ, ನಡುವೆ ಹನ್ನೊಂದು ತಟ್ಟೆ ದಾಟಿತ್ತು, ಒಂದು ಮಾತು ದಾಟಿರಲಿಲ್ಲ.

"ಯಾಕೇ ಹಂಗೆ ನೋಡ್ತೀಯಾ?" ದೊಡ್ಡಮ್ಮ ಕೇಳಿದಳು. "ಏನಂದ ಅವನು?"

ದಿಯು ಅವಳ ಬಣ್ಣ ಮೆತ್ತಿದ ಕೈಯನ್ನು ಹಿಡಿದುಕೊಂಡಳು. ಹಿಡಿದ ರೀತಿಯಲ್ಲೇ ಅರ್ಧ ವಿಷಯ ಹೋಗಿಬಿಟ್ಟಿತೆಂದು ಕಾಣುತ್ತದೆ. ದೊಡ್ಡಮ್ಮ ಕೈ ಕಿತ್ತುಕೊಳ್ಳಲು ನೋಡಿದಳು.

"ಬೇಡ. ಹೇಳ್ಬೇಡ."

"ಹತ್ತೊಂ‌ಬತ್ತಕ್ಕೆ ಚಿಕ್ಕಪ್ಪ ಬಾಗಿಲು ತೆಗೆದಾಗ ಖಿಯೆಮ್ ಒಳಗಿದ್ದ. ಉಸಿರಿರ್ಲಿಲ್ಲ."

"ಸುಳ್ಳು."

"ಅವರೇ ಊರಿಗೆ ಒಯ್ದು ಮಣ್ಣು ಮಾಡಿದಾರೆ. ವರ್ಷಾ ವರ್ಷಾ..." ದಿಯು ತಟ್ಟೆಗಳನ್ನು ಮುಂದಕ್ಕೆ ಸರಿಸಿದಳು.

ದೊಡ್ಡಮ್ಮ ತಟ್ಟೆಗಳ ಕಡೆ ನೋಡಿದಳು. ತುಟಿ ಅಲುಗುತ್ತಿತ್ತು. ಏನೋ ಎಣಿಸುತ್ತಿದ್ದಳು. ಎಣಿಸಿ ಮುಗಿದಾಗ ಬಾಯಿಂದ ಬಂದದ್ದು ಅಳುವಲ್ಲ, ಬಿಕ್ಕಳಿಕೆಯಂಥ ಒಂದು ಸದ್ದು.

"ಚೆನ್ನಾಗಿದೆ ಅಂದೆ ಕಣೇ," ಅಂದಳು. "ಹೋದ ವರ್ಷ. ಚೆನ್ನಾಗಿದೆ, ಇನ್ನೊಂಚೂರು ಇದ್ರೆ ಕೊಡೋ ಅಂತ ಅವನ ಬಾಗಿಲಿಗೆ ಹೋಗಿ ಕೇಳಿ ಇಸ್ಕೊಂಡು ತಿಂದೆ. ನನ್ನ ಮಗನ ಎಡೆ."

ದಿಯು ಅವಳನ್ನು ತಬ್ಬಿಕೊಂಡಳು. ಮುದುಕಿಯ ಮೈ ಹಕ್ಕಿಗೂಡಿನಷ್ಟು ಹಗುರವಾಗಿತ್ತು. ಕೆಂಪು ಬಣ್ಣ ಇಬ್ಬರ ಬಟ್ಟೆಗೂ ಹತ್ತಿತು. ಹುಡುಕಿಕೊಡ್ತೀನಿ ಎಂದು ದಿಯು ಮಾತು ಕೊಟ್ಟಿದ್ದಳು, ಹುಡುಕಿಕೊಟ್ಟಿದ್ದಳು. ಇದಕ್ಕಿಂತ ಹುಡುಕದೆ ಇದ್ದಿದ್ದರೇ ಚೆನ್ನಿತ್ತು.

ಆದರೂ ಅವಳೊಳಗಿನ ಪೊಲೀಸಿನವಳು ಸುಮ್ಮನಿರಲಿಲ್ಲ. ಮುದುಕ ಹೇಳಿದ್ದೂ ನಿಜ, ದೊಡ್ಡಮ್ಮ ಹೇಳಿದ್ದೂ ನಿಜವಾದರೆ, ಹದಿನೆಂಟರ ಸಂಜೆ ಖಾಲಿಯಿದ್ದ ಕೋಣೆಗೆ ಹತ್ತೊಂಬತ್ತರ ಬೆಳಗಿನೊಳಗೆ ಹೆಣ ಬಂದಿದೆ. ಬೀಗ ಮುರಿದಿಲ್ಲ. ಕೀಲಿ ದೊಡ್ಡಮ್ಮನ ಮಡಿಲಲ್ಲಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಇಲ್ಲವೇ, ಆ ಬೀಗಕ್ಕೆ ಇನ್ನೊಂದು ಕೀಲಿ ಇತ್ತು.

"ದೊಡ್ಡಮ್ಮ, ಕೋಣೆಗೆ ತಳ್ಳುವಾಗ ಅವನ ಮೈಮೇಲೆ ಏನಿತ್ತು?"

"ಬನಿಯನ್ನು. ಹರಕಲು."

"ಹೊಸ ಬಿಳಿ ಅಂಗಿ ನೀನು ಹಾಕ್ಲಿಲ್ವಾ?"

"ಯಾವ ಅಂಗಿ?" ದೊಡ್ಡಮ್ಮನ ಮುಖ ನಿಜಕ್ಕೂ ಖಾಲಿಯಾಗಿತ್ತು. "ಇದ್ದಬದ್ದ ಬಟ್ಟೆಯೆಲ್ಲ ಮಾರ್ಕೊಂಡು ಪುಡಿಗೆ ಹಾಕಿದ್ದ. ಬಿಳಿ ಅಂಗಿ ಎಲ್ಲಿತ್ತು ನಮ್ಮನೇಲಿ?"

"ಅವನು ಹೋದ ಮೇಲೆ ಕೋಣೆ ಹೇಗಿತ್ತು? ಹದಿನೇಳಕ್ಕೆ, ನೀನು ಮೊದಲ ಸಲ ನೋಡಿದಾಗ. ನೆನಪು ಮಾಡ್ಕೋ."

"ನೆನಪು ಮಾಡ್ಕೋಬೇಕಾ? ದಿನಾ ಕಣ್ಮುಂದೆ ಇರೋದೇ ಅದು." ದೊಡ್ಡಮ್ಮ ಗೋಡೆಗೆ ತಲೆ ಒರಗಿಸಿದಳು. "ರಾತ್ರಿಯೆಲ್ಲ ವಾಂತಿ ಮಾಡ್ಕೊಂಡಿರ್ತಾನೆ, ಎಲ್ಲ ಒಡೆದು ಹಾಕಿರ್ತಾನೆ ಅಂತ ಬಕೆಟ್ಟು ಹಿಡ್ಕೊಂಡು ಹೋಗಿದ್ದೆ. ಹೋದ್ರೆ, ನೆಲ ಗುಡಿಸಿ ಒರೆಸಿತ್ತು. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿತ್ತು. ಜನ್ಮದಲ್ಲಿ ಪೊರಕೆ ಮುಟ್ಟಿದವನಲ್ಲ ಅವನು. ಆವತ್ತು ಗುಡಿಸಿಟ್ಟು ಹೋಗಿದಾನೆ ಅಂದ್ರೆ ಬುದ್ಧಿ ಬಂತು, ನನ್ನ ಮೇಲೆ ಕೋಪ ಇಲ್ಲ, ಒಳ್ಳೆಯವನಾಗಿ ತಿರುಗಿ ಬರ್ತಾನೆ ಅಂದ್ಕೊಂಡೆ. ಅದೊಂದೇ ನೋಡು ನನ್ನ ಇಷ್ಟು ವರ್ಷ..."

ಮಾತು ಅಲ್ಲಿಗೇ ತುಂಡಾಯಿತು. ದೊಡ್ಡಮ್ಮ ತಾನಾಡಿದ್ದನ್ನು ತಾನೇ ಕೇಳಿಸಿಕೊಂಡಿದ್ದಳು. ಗೋಡೆಯಿಂದ ತಲೆ ನಿಧಾನವಾಗಿ ಮೇಲೆದ್ದಿತು. ದಿಯುವಿನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು.

"ದಿಯು," ಅಂದಳು, "ಹಂಗಾದ್ರೆ ಆ ನೆಲ ಗುಡಿಸಿದ್ದು ಯಾರೇ?"